ಕಾರ್ಬೈನ್ ಮೇಲೆ ರೆಡ್ ಡಾಟ್ ಹಿಂದೆ ಮ್ಯಾಗ್ನಿಫೈಯರ್ ಇಡಲೋ, ಸ್ಕೋಪ್ ತಂದು ಅದಕ್ಕೊಂದು ಡಾಟ್ ಸೇರಿಸಲೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಟೆಕ್ಸಾಸ್‌ನಲ್ಲಿದ್ದೀರಿ, 16 ಇಂಚು ನಳಿಗೆಯ ಎಆರ್-15 ಇದೆ, ಮೇಲೆ 2 ಎಂಒಎ ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಗುರಿಸಾಧನ) ಇದೆ. 50 ಗಜದಲ್ಲಿ ತಕರಾರಿಲ್ಲ, 200 ಗಜದಲ್ಲಿ ಕಾಗದದ ಗುರಿಯೇ ಕಾಣುವುದಿಲ್ಲ. ಅದಕ್ಕೆ 3ಎಕ್ಸ್ (ಮೂರು ಪಟ್ಟು ದೊಡ್ಡದಾಗಿ ತೋರಿಸುವ) ಮ್ಯಾಗ್ನಿಫೈಯರ್ ಕೊಳ್ಳಬೇಕೋ, 1-6ಎಕ್ಸ್ ಸ್ಕೋಪ್ ಹಾಕಿ ಅದರ ಮೇಲೋ ಪಕ್ಕದಲ್ಲೋ ಸಣ್ಣ ಡಾಟ್ ಕೂರಿಸಬೇಕೋ ಎನ್ನುವುದು ಪ್ರಶ್ನೆ.

ಇಲ್ಲಿ ತೊಂದರೆ ಚುಕ್ಕೆಯದ್ದಲ್ಲ. ಎಂಒಎ ಎನ್ನುವುದು ಕೋನದ ಅಳತೆ; 1 ಎಂಒಎ ಅಂದರೆ 100 ಗಜಕ್ಕೆ ಒಂದು ಇಂಚಿಗಿಂತ ಕೂದಲೆಳೆ ಹೆಚ್ಚು. ಹಾಗಾಗಿ 2 ಎಂಒಎ ಚುಕ್ಕೆ 200 ಗಜದಲ್ಲಿ ಮುಚ್ಚುವುದು ನಾಲ್ಕು ಇಂಚು ಚಿಲ್ಲರೆ. ಗುರಿ ಕಂಡರೆ ಅಷ್ಟು ಸಾಕು. ಕಾಣುವುದಿಲ್ಲ ಎನ್ನುವುದೇ ಸಮಸ್ಯೆ. ನೀವು ಹೊಡೆಯುವುದರಲ್ಲಿ ಮುಕ್ಕಾಲು ಪಾಲು 100 ಗಜದ ಒಳಗಿದ್ದು, 200 ಅಪರೂಪಕ್ಕೊಮ್ಮೆ ಅಂತಾದರೆ ಮ್ಯಾಗ್ನಿಫೈಯರ್ ತೆಗೆದುಕೊಳ್ಳಿ. 150ರಿಂದ ಆಚೆಯೇ ಹೆಚ್ಚು ಅಂತಾದರೆ ಸ್ಕೋಪ್ ಹಾಕಿ, ಈಗಿರುವ ಡಾಟನ್ನು ಬೇರೆ ಬಂದೂಕಿಗೆ ಕೊಡಿ.

ಮ್ಯಾಗ್ನಿಫೈಯರ್ ಎಂದರೆ ಒಂದು ಪುಟ್ಟ ದುರ್ಬೀನು, ಅಷ್ಟೆ. ಅದರಲ್ಲಿ ಗುರಿಗೆರೆ ಇಲ್ಲ, ಆದ್ದರಿಂದ ಅದಕ್ಕೆ ಜೀರೋ ಮಾಡುವ (ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸುವ) ಕೆಲಸವೂ ಇಲ್ಲ. ಅದರ ಮೇಲೆ ಎರಡು ಸ್ಕ್ರೂ ಇರುತ್ತವೆ, ಅವು ಚುಕ್ಕೆಯನ್ನು ನೋಟದ ನಡುವಿಗೆ ತರುವುದಕ್ಕೆ ಮಾತ್ರ. ಹೊಸಬರು ಮಾಡುವ ತಪ್ಪು ಇಲ್ಲೇ: ಚುಕ್ಕೆ ಮೂಲೆಯಲ್ಲಿ ಕಂಡಿತೆಂದು ಡಾಟ್‌ನ ಟರೆಟ್ (ಜೀರೋ ಹೊಂದಿಸುವ ತಿರುಪು) ತಿರುಗಿಸಿಬಿಡುತ್ತಾರೆ, ಇದ್ದ ಜೀರೋ ಕೈಬಿಡುತ್ತದೆ. ಟರೆಟ್ ಮುಟ್ಟಬೇಡಿ. ಸ್ಕ್ರೂ ತಿರುಗಿಸಿಯೂ ಚುಕ್ಕೆ ನಡುವಿಗೆ ಬರದೆ ಕೆಳಗೋ ಮೇಲೋ ಕಪ್ಪು ಅರ್ಧಚಂದ್ರ ಉಳಿದರೆ ಮೌಂಟ್‌ಗಳ ಎತ್ತರ ಹೊಂದಿಲ್ಲ ಎಂದರ್ಥ. ಡಾಟ್ ಲೋಯರ್ ಥರ್ಡ್ ಎತ್ತರದಲ್ಲಿದ್ದರೆ (ಕಬ್ಬಿಣದ ಸೈಟ್ ಗಾಜಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ ಕಾಣುವ ಎತ್ತರ) ಮ್ಯಾಗ್ನಿಫೈಯರ್ ಮೌಂಟ್ ಕೂಡ ಅದೇ ಎತ್ತರದ್ದಾಗಿರಬೇಕು. ಕೊಳ್ಳುವ ಮೊದಲೇ ಎರಡರ ಅಂಕಿ ನೋಡಿ.

ಮ್ಯಾಗ್ನಿಫೈಯರ್ ಚುಕ್ಕೆಯನ್ನೂ ಮೂರು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಆದರೆ ಗುರಿಯೂ ಮೂರು ಪಟ್ಟು ದೊಡ್ಡದಾಗುವುದರಿಂದ ಚುಕ್ಕೆ ಗುರಿಯ ಮೇಲೆ ಮುಚ್ಚುವ ಜಾಗ ಅಷ್ಟೇ ಇರುತ್ತದೆ. ಬೆಳಕು ಹರಡಿ ಚುಕ್ಕೆ ಮಬ್ಬಾಗಿ ಕಂಡರೆ ಹೊಳಪನ್ನು ಎರಡು ಮೆಟ್ಟಿಲು ಇಳಿಸಿ. ಇಒಟೆಕ್‌ನಂಥ ಹೋಲೋಗ್ರಾಫಿಕ್ ಸೈಟ್‌ನ 1 ಎಂಒಎ ಚುಕ್ಕೆ ಮ್ಯಾಗ್ನಿಫೈಯರ್ ಮೂಲಕ ಇನ್ನೂ ಚೂಪಾಗಿ ಕಾಣುತ್ತದೆ. ಆದರೆ ಅದರ ಬ್ಯಾಟರಿ ಸುಮಾರು 1,000 ಗಂಟೆ, ಏಮ್‌ಪಾಯಿಂಟ್ ಟಿ-2 ರೆಡ್ ಡಾಟ್‌ನದ್ದು 50,000 ಗಂಟೆ. ಮ್ಯಾಗ್ನಿಫೈಯರ್‌ಗಳಲ್ಲಿ ನನಗೆ ಹಿಡಿಸದ್ದು ಎರಡು. ಕಣ್ಣು ಗಾಜಿನಿಂದ ಎರಡು, ಎರಡೂವರೆ ಇಂಚಿನಲ್ಲೇ ಇರಬೇಕು. ಭಾರವೂ ಕಡಿಮೆಯಲ್ಲ: ಇಒಟೆಕ್ ಜಿ33 ಒಂದೇ 11 ಔನ್ಸ್ ದಾಟುತ್ತದೆ. ಬಳಸದಾಗಲೂ ಅದು ಪಕ್ಕಕ್ಕೆ ಮಡಚಿಕೊಂಡು ತೂಗುತ್ತಲೇ ಇರುತ್ತದೆ. ಹಿಂಬದಿಯ ಮಡಚುವ ಕಬ್ಬಿಣದ ಸೈಟ್ ಇದ್ದರೆ ಅದಕ್ಕೂ ಇದಕ್ಕೂ ಜಾಗದ ಜಗಳ. ಬಿಗಿಯುವ ಮೊದಲು ಎರಡನ್ನೂ ರೈಲ್ (ಬಂದೂಕಿನ ಮೇಲಿನ ಕಚ್ಚುಪಟ್ಟಿ) ಮೇಲೆ ಇಟ್ಟು, ಚಾರ್ಜಿಂಗ್ ಹ್ಯಾಂಡಲ್ (ಗುಂಡು ಏರಿಸಲು ಹಿಂದೆಳೆಯುವ ಹಿಡಿಕೆ) ಪೂರ್ತಿ ಎಳೆದು ನೋಡಿ.

ಇನ್ನು ಸ್ಕೋಪ್. 1-6ಎಕ್ಸ್‌ನಂಥ ಸ್ಕೋಪನ್ನು 1ಎಕ್ಸ್‌ಗೆ ತಿರುಗಿಸಿದರೆ, ಅದರ ನಡುವಿನ ಬೆಳಕು ನಡುಮಧ್ಯಾಹ್ನದ ಬಿಸಿಲಲ್ಲೂ ಕಾಣುವಷ್ಟು ಪ್ರಖರವಾಗಿದ್ದರೆ, ಅದೇ ರೆಡ್ ಡಾಟ್ ಕೆಲಸ ಮಾಡುತ್ತದೆ. ಇದನ್ನು ಮರೆತು ಎಷ್ಟೋ ಜನ 1ಎಕ್ಸ್‌ಗೆ ಎರಡು ಸಲ ದುಡ್ಡು ಕೊಡುತ್ತಾರೆ. ಎರಡನೇ ಡಾಟ್ ನಿಜಕ್ಕೂ ಬೇಕಾಗುವುದು ಸ್ಕೋಪನ್ನು 6ಎಕ್ಸ್‌ನಲ್ಲೇ ಬಿಟ್ಟುಕೊಂಡು ಹತ್ತಿರದ್ದನ್ನೂ ಹೊಡೆಯಬೇಕಾದಾಗ, ಅಥವಾ ಏಕಾಗ್‌ನಂಥ 4ಎಕ್ಸ್ ಸ್ಥಿರ ಸ್ಕೋಪ್ ಇದ್ದಾಗ. 4x32 ಏಕಾಗ್‌ನಲ್ಲಿ ಕಣ್ಣಿನ ಅಂತರ ಬರೀ ಒಂದೂವರೆ ಇಂಚು, ಅವಸರದಲ್ಲಿ ಅದರೊಳಗೆ ಕಣ್ಣು ಕೂರಿಸುವುದು ಸುಲಭವಲ್ಲ. ಆ ಸ್ಕೋಪಿನ ತಲೆಯ ಮೇಲೆ ಆರ್‌ಎಂಆರ್ ಎಂಬ ಪುಟ್ಟ ಡಾಟ್ ಕೂರಿಸುವ ರೂಢಿಗೆ ಅದೂ ಒಂದು ಕಾರಣ.

ತಲೆಯ ಮೇಲಿನ ಡಾಟ್‌ನಲ್ಲಿ ಬಹುತೇಕರು ಎಡವುವುದು ಜೀರೋ ದೂರದಲ್ಲಿ. ಸಾಮಾನ್ಯ ಡಾಟ್ ನಳಿಗೆಯ ನಡುಗೆರೆಯಿಂದ ಸುಮಾರು 2.6 ಇಂಚು ಮೇಲಿರುತ್ತದೆ. 55 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು, ವೇಗ ಸೆಕೆಂಡಿಗೆ 3,100 ಅಡಿ ಆಸುಪಾಸು ಎಂದಿಟ್ಟುಕೊಳ್ಳಿ. 50 ಗಜಕ್ಕೆ ಜೀರೋ ಮಾಡಿದರೆ ಗುಂಡು 100ರಲ್ಲಿ ಒಂದೂವರೆ ಇಂಚು ಮೇಲೆ ಹೋಗಿ, 200 ದಾಟುವ ಹೊತ್ತಿಗೆ ಮತ್ತೆ ಗುರಿಗೆರೆಗೆ ಇಳಿಯುತ್ತದೆ. ಬಲು ಅನುಕೂಲದ ಲೆಕ್ಕ. ಸ್ಕೋಪಿನ ಮೇಲೆ ಕೂತ ಡಾಟ್ ಮಾತ್ರ 4 ಇಂಚಿಗೂ ಎತ್ತರದಲ್ಲಿರುತ್ತದೆ. ಅದನ್ನೂ 50ಕ್ಕೇ ಜೀರೋ ಮಾಡಿದರೆ ನಳಿಗೆ ಇನ್ನಷ್ಟು ಮೇಲ್ಮುಖವಾಗಿ, 100 ಗಜದಲ್ಲಿ ಸುಮಾರು 3 ಇಂಚು, 200ರಲ್ಲಿ 5-6 ಇಂಚು ಮೇಲೆ ಬೀಳುತ್ತದೆ. ಅದೇ ಡಾಟನ್ನು 100 ಗಜಕ್ಕೆ ಜೀರೋ ಮಾಡಿ ನೋಡಿ: 50ರಲ್ಲಿ ಒಂದೂವರೆ ಇಂಚು ಕೆಳಗೆ, 200ರಲ್ಲಿ ಒಂದು ಇಂಚಿನಷ್ಟು ಕೆಳಗೆ. ಆದ್ದರಿಂದ ಎತ್ತರದ ಡಾಟ್‌ಗೆ 100 ಗಜ ಎನ್ನುವುದು ನನ್ನ ಪಕ್ಕಾ ಸಲಹೆ. ನಿಮ್ಮ ತೋಟಾ ಬೇರೆಯಿದ್ದರೆ ಅಂಕಿ ತುಸು ಬದಲಾಗುತ್ತದೆ, ಕಾಗದದ ಮೇಲೆ ಹೊಡೆದೇ ಖಾತ್ರಿ ಮಾಡಿಕೊಳ್ಳಿ. ಯಾವ ದೂರಕ್ಕೆ ಜೀರೋ ಮಾಡಿದರೂ ಏಳೆಂಟು ಗಜದಲ್ಲಿ ಗುಂಡು ನೀವು ಚುಕ್ಕೆ ಇಟ್ಟ ಜಾಗಕ್ಕಿಂತ ಕೆಳಗೇ ಬೀಳುತ್ತದೆ. ಸಾಮಾನ್ಯ ಡಾಟ್‌ನಲ್ಲಿ ಎರಡು ಇಂಚಿನ ಮೇಲೆ, ತಲೆಯ ಮೇಲಿನದರಲ್ಲಿ ನಾಲ್ಕು ಇಂಚಿನ ಹತ್ತಿರ. ಇನ್ನೊಂದು ಕಷ್ಟವೂ ಇದೆ: ಅಷ್ಟು ಎತ್ತರಕ್ಕೆ ಕೆನ್ನೆ ಸಿಗುವುದಿಲ್ಲ, ಗದ್ದವನ್ನು ಸ್ಟಾಕ್ (ಭುಜಕ್ಕೆ ಊರುವ ಹಿಂಭಾಗ) ಮೇಲೆ ಊರಿ ನೋಡಬೇಕು.

ಪಕ್ಕಕ್ಕೆ 45 ಡಿಗ್ರಿಯಲ್ಲಿ ಕೂರಿಸುವ ಡಾಟ್‌ನಲ್ಲಿ ಈ ಎತ್ತರದ ತಾಪತ್ರಯ ಇಲ್ಲ. ಬಲಗೈಯವರಿಗೆ ಬಲಪಕ್ಕದಲ್ಲಿ ಹಾಕುತ್ತಾರೆ. ಬಂದೂಕನ್ನು ಎಡಕ್ಕೆ ಹೊರಳಿಸಿದರೆ ಡಾಟ್ ಮೇಲೆ ಬರುತ್ತದೆ, ಕೆನ್ನೆ ಇದ್ದಲ್ಲೇ ಇರುತ್ತದೆ. ಜೀರೋ ಮಾಡುವಾಗಲೂ ಹಾಗೇ ಹೊರಳಿಸಿಯೇ ಹೊಡೆಯಬೇಕು. ಬೆಂಚ್ ಮೇಲೆ ನೆಟ್ಟಗೆ ಕಟ್ಟಿ ಜೀರೋ ಮಾಡಿದರೆ ಗುಂಡು ಬೀಳುವ ದಿಕ್ಕು ಬೇರೆ, ಡಾಟ್‌ನ ‘ಮೇಲೆ’ ಬೇರೆ ಆಗಿ ಲೆಕ್ಕ ಕೆಡುತ್ತದೆ. ಹೊರಳಿಸಿ ಹಿಡಿದಾಗ ಟರೆಟ್‌ನ ಮೇಲೆ-ಕೆಳಗೆ, ಎಡ-ಬಲ ಮಾಮೂಲಿನಂತೆಯೇ ಕೆಲಸ ಮಾಡುತ್ತವೆ. ಸ್ಕೋಪಿನ ಬಲಬದಿಯ ಟರೆಟ್ ಮುಚ್ಚಳ ಚುಕ್ಕೆಗೆ ಅಡ್ಡ ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಬಂದರೆ ಡಾಟನ್ನು ಮುಂದಿನ ರಿಂಗ್‌ಗೆ ಸರಿಸಬೇಕು. ಎರಡೂ ಕಣ್ಣು ತೆರೆದೇ ಇರಲಿ. ಊರಲ್ಲಿ ಜೋಡುನಳಿಗೆ ಕೋವಿಯ ತುದಿಮಣಿ ನೋಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಕೂರಿಸುವಾಗ ಟಾರ್ಕ್ ಅಳೆಯುವ ಸ್ಕ್ರೂಡ್ರೈವರ್ ಬೇಕೇ ಬೇಕು. ಸ್ಕೋಪ್ ರಿಂಗ್‌ನ ಸ್ಕ್ರೂಗೆ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್, ಆರ್‌ಎಂಆರ್ ಸ್ಕ್ರೂಗೆ 12. ಬುಡದ ನಟ್‌ಗೆ ಮೌಂಟ್ ಮಾಡಿದವರು ಹೇಳಿದಷ್ಟು. ಬಿಗಿಯುವ ಮೊದಲು ಮೌಂಟನ್ನು ರೈಲ್‌ನ ಕಚ್ಚಿನಲ್ಲಿ ನಳಿಗೆಯ ಕಡೆಗೆ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಹೊಡೆತಕ್ಕೆ ಅದೇ ಸರಿದು ಜೀರೋ ಹೋಗುತ್ತದೆ. ಸ್ಕೋಪ್ ಮೌಂಟ್‌ನ ಒಂದು ಕಾಲು ರಿಸೀವರ್ (ಬಂದೂಕಿನ ಒಡಲು) ಮೇಲೆ, ಇನ್ನೊಂದು ಹ್ಯಾಂಡ್‌ಗಾರ್ಡ್ (ನಳಿಗೆಯ ಸುತ್ತಲಿನ ಕವಚ) ಮೇಲೆ ಬೇಡ, ಹ್ಯಾಂಡ್‌ಗಾರ್ಡ್ ಬಾಗುತ್ತದೆ. ಕೊನೆಗೆ ಸ್ಕ್ರೂ ತಲೆಯಿಂದ ಮೌಂಟಿಗೆ ಪೇಂಟ್ ಪೆನ್ನಿನಲ್ಲೊಂದು ಗೆರೆ ಎಳೆಯಿರಿ, ಸಡಿಲವಾದರೆ ಕಣ್ಣಿಗೆ ಬೀಳುತ್ತದೆ.

ಇದೆಲ್ಲಕ್ಕಿಂತ ಮುಂಚೆ ಒಂದು ಪರೀಕ್ಷೆ. ನಿಮ್ಮ ಚುಕ್ಕೆ ದುಂಡಗಿಲ್ಲದೆ ನಕ್ಷತ್ರದಂತೆಯೋ ಬಾಲವಿದ್ದಂತೆಯೋ ಕಂಡರೆ, ಫೋನಿನ ಕ್ಯಾಮೆರಾದಲ್ಲಿ ನೋಡಿ. ಅದರಲ್ಲಿ ದುಂಡಗಿದ್ದರೆ ದೋಷ ಸೈಟ್‌ನದ್ದಲ್ಲ, ನಿಮ್ಮ ಕಣ್ಣಿನ ಅಸ್ಟಿಗ್ಮ್ಯಾಟಿಸಂ (ಕಣ್ಣಿನ ವಕ್ರತೆಯ ದೋಷ). ಮ್ಯಾಗ್ನಿಫೈಯರ್ ಆ ಬಾಲವನ್ನೂ ಮೂರು ಪಟ್ಟು ಮಾಡಿ ತೋರಿಸುತ್ತದೆ. ಅಂಥವರು ಗಾಜಿನಲ್ಲೇ ಗೆರೆ ಕೊರೆದ ಸ್ಕೋಪನ್ನೋ ಪ್ರಿಸಂ ಸೈಟನ್ನೋ ಕೊಳ್ಳುವುದು ವಾಸಿ.

ತ್ರೀ-ಗನ್ (ರೈಫಲ್, ಪಿಸ್ತೂಲು, ಶಾಟ್‌ಗನ್ ಮೂರನ್ನೂ ಬಳಸುವ) ಪಂದ್ಯಕ್ಕೆ ಹೋಗುವ ಯೋಚನೆ ಇದ್ದರೆ, ಎರಡು ಆಪ್ಟಿಕ್ ಇದ್ದವರನ್ನು ಸಾಮಾನ್ಯವಾಗಿ ಓಪನ್ ವಿಭಾಗಕ್ಕೆ ಹಾಕುತ್ತಾರೆ. ಆ ಪಂದ್ಯದ ನಿಯಮ ಓದಿಕೊಂಡು ಆಮೇಲೆ ಖರ್ಚು ಮಾಡಿ. ಹಳೇ ಸ್ಕೋಪನ್ನು ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಿ ಯಾರಿಗಾದರೂ ಕೊಡೋಣ ಅಂತ ಹೊರಡಬೇಡಿ: ರೈಫಲ್ ಸ್ಕೋಪ್‌ಗಳಿಗೆ ಅಮೆರಿಕದ ರಫ್ತು ನಿಯಂತ್ರಣ ಅನ್ವಯಿಸುತ್ತದೆ.