ಬೇಸ್‌ಬಾಲ್ ಪಂದ್ಯ ಈಗ ಎಷ್ಟು ಹೊತ್ತಿಗೆ ಮುಗಿಯುತ್ತದೆ?

ಪ್ರಶ್ನೆ: ಜೂನ್‌ನಲ್ಲಿ ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಯಾಂಕೀ ಸ್ಟೇಡಿಯಂ ತೋರಿಸುವ ಆಸೆ. ಆದರೆ ಅವರಿಗೆ ಮಂಡಿ ನೋವು, ನಾಲ್ಕು ಗಂಟೆ ಕೂರಲು ಆಗುವುದಿಲ್ಲ. ಹಿಂದೊಮ್ಮೆ ನಾವು ಹೋಗಿದ್ದಾಗ ಪಂದ್ಯ ಮುಗಿಯುವ ಮೊದಲೇ ಎದ್ದು ಬಂದಿದ್ದೆವು. ಈಗ ಬೇಗ ಮುಗಿಯುತ್ತದೆ ಅಂತಾರೆ, ನಿಜವೇ? — ನ್ಯೂಜೆರ್ಸಿಯ ಓದುಗರು

ಉತ್ತರ: ನಿಜ. ಧೈರ್ಯವಾಗಿ ಕರೆದುಕೊಂಡು ಹೋಗಿ. 2021ರಲ್ಲಿ ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಒಂಬತ್ತು ಇನ್ನಿಂಗ್ಸ್ ಪಂದ್ಯಕ್ಕೆ ಸರಾಸರಿ 3 ಗಂಟೆ 10 ನಿಮಿಷ ಹಿಡಿಯುತ್ತಿತ್ತು. ಅಷ್ಟು ಉದ್ದ ಅದಕ್ಕೆ ಮೊದಲು ಯಾವತ್ತೂ ಆಗಿರಲಿಲ್ಲ. 2023ರಲ್ಲಿ ಪಿಚ್ ಕ್ಲಾಕ್, ಅಂದರೆ ಎಸೆತಗಳ ನಡುವಿನ ಹೊತ್ತಿಗೆ ಮಿತಿ ಹಾಕುವ ಗಡಿಯಾರ ಬಂತು, ಸರಾಸರಿ ಒಂದೇ ಏಟಿಗೆ 2 ಗಂಟೆ 40 ನಿಮಿಷಕ್ಕೆ ಇಳಿಯಿತು. 2024ರಲ್ಲಿ 2 ಗಂಟೆ 36 ನಿಮಿಷ, 2025ರಲ್ಲಿ 2 ಗಂಟೆ 38 ನಿಮಿಷ.

ನಿಮ್ಮ ತಂದೆಯವರ ಮಂಡಿಗೆ ಸರಾಸರಿಗಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. 2021ರಲ್ಲಿ ಮೂರೂವರೆ ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಎಳೆದ ಒಂಬತ್ತು ಇನ್ನಿಂಗ್ಸ್ ಪಂದ್ಯಗಳು 391 ಇದ್ದವು. 2023ರ ಇಡೀ ಸೀಸನ್‌ನಲ್ಲಿ ಅಂಥವು ಬರೀ 9. ಅಂದರೆ ಸಂಜೆ ಏಳು ಗಂಟೆಗೆ ಶುರುವಾದ ಪಂದ್ಯ ಸಾಮಾನ್ಯವಾಗಿ ಹತ್ತರೊಳಗೆ ಮುಗಿಯುತ್ತದೆ ಅಂತ ನಂಬಿ ವಾಪಸ್ ರೈಲಿನ ಲೆಕ್ಕ ಹಾಕಬಹುದು. ಮಳೆ ಬಂದರೆ, ಇಲ್ಲವೇ ಒಂಬತ್ತು ಇನ್ನಿಂಗ್ಸ್ ಮುಗಿದಾಗ ಸ್ಕೋರ್ ಸಮವಾಗಿ ಆಟ ಮುಂದುವರಿದರೆ ಮಾತ್ರ ಯಾರೂ ಏನೂ ಹೇಳಲಾಗದು.

ಏಳನೇ ಇನ್ನಿಂಗ್ಸ್‌ನ ನಡುವೆ ಇಡೀ ಸ್ಟೇಡಿಯಂ ಎದ್ದು ನಿಂತು, ಮೈ ಮುರಿದು, ಹಾಡು ಹೇಳುವ ಪದ್ಧತಿ ಇದೆ. ಕಾಲಿಗೂ ಆರಾಮ, ನೋಡಲೂ ಚೆಂದ. ಅಲ್ಲಿಯವರೆಗಂತೂ ಮನೆಗೆ ಹೊರಡಬೇಡಿ. ಸಾಲಿನ ತುದಿಯ ಸೀಟೇ ಕೇಳಿ ತೆಗೆದುಕೊಳ್ಳಿ, ನಡುವೆ ಎದ್ದು ಓಡಾಡಲು ಅನುಕೂಲ.

ಪ್ರಶ್ನೆ: ಮೊಬೈಲ್‌ನಲ್ಲಿ ಆಗಾಗ ಬೇಸ್‌ಬಾಲ್ ನೋಡುತ್ತೇನೆ. ಪಿಚರ್ (ಚೆಂಡು ಎಸೆಯುವವನು) ಹಿಂದೆ ಮುಂದೆ ಅಂಕಿ ಇಳಿಯುತ್ತಾ ಹೋಗುವ ಗಡಿಯಾರ ಕಾಣುತ್ತದೆ. ಅದನ್ನು ಯಾರು ಶುರು ಮಾಡುತ್ತಾರೆ? ಸೊನ್ನೆಗೆ ಬಂದರೆ ಏನಾಗುತ್ತದೆ? ನಮ್ಮ ಕ್ರಿಕೆಟ್‌ಗೂ ಇದು ಬರಬಹುದೇ? — ಹುಬ್ಬಳ್ಳಿಯ ಓದುಗರು

ಉತ್ತರ: ಗಡಿಯಾರ ನಡೆಸುವುದಕ್ಕೇ ಒಬ್ಬರು ಕೂತಿರುತ್ತಾರೆ. ಪಿಚರ್ ಕೈಗೆ ಚೆಂಡು ಬಂದು, ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬಂದು, ಆಟ ಶುರುವಾಗಲು ಸಿದ್ಧ ಅನಿಸಿದ ಕೂಡಲೇ ಅವರು ಗುಂಡಿ ಒತ್ತುತ್ತಾರೆ. ಬೇಸ್‌ಗಳು (ರನ್ ಗಳಿಸಲು ಓಡಿ ಮುಟ್ಟಬೇಕಾದ ನೆಲೆಗಳು) ಖಾಲಿ ಇದ್ದರೆ 15 ಸೆಕೆಂಡ್. ರನ್ನರ್ ಇದ್ದರೆ 2023ರಲ್ಲಿ 20 ಇತ್ತು, 2024ರಿಂದ 18. ಅಷ್ಟರೊಳಗೆ ಪಿಚರ್ ಎಸೆತದ ಚಲನೆ ಶುರು ಮಾಡಿರಬೇಕು. ತಡವಾದರೆ ಬ್ಯಾಟರ್‌ಗೆ ಒಂದು ‘ಬಾಲ್’ ಸುಮ್ನೆ ಸಿಗುತ್ತದೆ. ಬಾಲ್ ಅಂದರೆ ಗುರಿ ತಪ್ಪಿದ ಎಸೆತ; ಅಂಥ ನಾಲ್ಕಾದರೆ ಬ್ಯಾಟರ್ ಪುಕ್ಕಟೆ ಮೊದಲ ಬೇಸ್‌ಗೆ ಹೋಗುತ್ತಾನೆ. ಬ್ಯಾಟರ್‌ಗೂ ವಿನಾಯಿತಿ ಇಲ್ಲ. ಗಡಿಯಾರ 8 ತೋರಿಸುವ ಹೊತ್ತಿಗೆ ಅವನು ಬಾಕ್ಸ್‌ನಲ್ಲಿ ನಿಂತು ಪಿಚರ್ ಕಡೆ ನೋಡುತ್ತಿರಬೇಕು. ಇಲ್ಲದಿದ್ದರೆ ಅವನ ಲೆಕ್ಕಕ್ಕೆ ಒಂದು ಸ್ಟ್ರೈಕ್; ಮೂರು ಸ್ಟ್ರೈಕ್ ಆದರೆ ಔಟ್.

ಇದು ಎಷ್ಟು ಕಟ್ಟುನಿಟ್ಟು ಅನ್ನುವುದು ಶುರುವಿನಲ್ಲೇ ಗೊತ್ತಾಯಿತು. 2023ರ ಫೆಬ್ರವರಿ 25, ಫ್ಲಾರಿಡಾದಲ್ಲಿ ಅಟ್ಲಾಂಟಾ ಬ್ರೇವ್ಸ್ ಮತ್ತು ಬಾಸ್ಟನ್ ರೆಡ್ ಸಾಕ್ಸ್ ನಡುವೆ ಅಭ್ಯಾಸ ಪಂದ್ಯ. ಸ್ಕೋರ್ 6-6. ಒಂಬತ್ತನೇ ಇನ್ನಿಂಗ್ಸ್‌ನ ಕೊನೆ, ಇಬ್ಬರು ಔಟ್, ಮೂರೂ ಬೇಸ್ ಭರ್ತಿ, ಮೂರು ಬಾಲ್, ಎರಡು ಸ್ಟ್ರೈಕ್. ಇನ್ನೊಂದು ಬಾಲ್ ಬಂದರೆ ಅಟ್ಲಾಂಟಾ ಗೆದ್ದ ಹಾಗೆ. ಅಂಪೈರ್ ಕೈ ಎತ್ತಿ ಆಟ ನಿಲ್ಲಿಸಿದರು. ತಪ್ಪು ಪಿಚರ್‌ದು ಅಂದುಕೊಂಡು ಬ್ಯಾಟರ್ ಕ್ಯಾಲ್ ಕಾನ್ಲಿ ಮೊದಲ ಬೇಸ್ ಕಡೆ ಹೊರಟೇಬಿಟ್ಟ. ಅಂಪೈರ್ ಕೊಟ್ಟಿದ್ದು ಮೂರನೇ ಸ್ಟ್ರೈಕ್! ಅವನು ಸಮಯಕ್ಕೆ ಸರಿಯಾಗಿ ಸಿದ್ಧನಾಗಿರಲಿಲ್ಲ. ಆ ಕೊನೆಯ ಚೆಂಡು ಎಸೆಯದೆಯೇ ಪಂದ್ಯ ಟೈ ಆಗಿ ಮುಗಿಯಿತು. ಆಗ ಬಹಳ ಜನ ಸಿಟ್ಟಾದರು. ಅಭ್ಯಾಸ ಪಂದ್ಯದಲ್ಲೇ ಇದು ಆಗಿದ್ದು ಒಳ್ಳೆಯದಾಯಿತು ಅಂತ ನನಗನಿಸುತ್ತದೆ. ಆಟಗಾರರು ಬೇಗ ಹೊಂದಿಕೊಂಡರು, ಸೀಸನ್ ಸಾಗಿದ ಹಾಗೆ ಇಂಥ ದಂಡಗಳು ಕಡಿಮೆಯಾಗುತ್ತಾ ಬಂದವು.

ಇದರ ಜೊತೆಗೇ ಇನ್ನೊಂದು ನಿಯಮ ಬಂತು. ಒಬ್ಬ ಬ್ಯಾಟರ್ ಆಡುವಾಗ ಪಿಚರ್ ಎರಡು ಸಲ ಮಾತ್ರ ಎಸೆತ ಬಿಟ್ಟು ಹಿಂದೆ ಸರಿಯಬಹುದು, ಇಲ್ಲವೇ ರನ್ನರ್‌ನನ್ನು ಹಿಡಿಯಲು ಬೇಸ್‌ಗೆ ಚೆಂಡು ಎಸೆಯಬಹುದು. ಮೂರನೇ ಸಲ ಎಸೆದು ರನ್ನರ್ ಔಟಾಗದಿದ್ದರೆ ಅವನಿಗೆ ಒಂದು ಬೇಸ್ ಪುಕ್ಕಟೆ. ಬೇಸ್‌ಗಳನ್ನೂ 15 ಇಂಚಿನಿಂದ 18 ಇಂಚಿಗೆ ದೊಡ್ಡದು ಮಾಡಿದರು. ಪರಿಣಾಮ ನೋಡಿ: ಕದ್ದ ಬೇಸ್‌ಗಳು (ಬ್ಯಾಟರ್ ಹೊಡೆಯದೆಯೇ ರನ್ನರ್ ಓಡಿ ಹಿಡಿದ ಬೇಸ್‌ಗಳು) 2022ರಲ್ಲಿ 2,486 ಇದ್ದದ್ದು 2023ರಲ್ಲಿ 3,503 ಆಯಿತು. ಹೊತ್ತು ಕಡಿಮೆಯಾಯಿತು, ಓಟ ಜಾಸ್ತಿಯಾಯಿತು. ನನಗೆ ಇದರಲ್ಲಿ ತುಂಬಾ ಖುಷಿ ಕೊಟ್ಟಿದ್ದು ಇದೇ.

ಕ್ರಿಕೆಟ್‌ಗೆ ಈಗಾಗಲೇ ಬಂದಿದೆ, ಬೇರೆ ರೂಪದಲ್ಲಿ. ಏಕದಿನ ಮತ್ತು ಟಿ20 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದು ಓವರ್ ಮುಗಿದ 60 ಸೆಕೆಂಡ್‌ನೊಳಗೆ ಮುಂದಿನ ಓವರ್ ಶುರುವಾಗಬೇಕು. ಎರಡು ಎಚ್ಚರಿಕೆ ಆದಮೇಲೆ ಪ್ರತಿ ಸಲ 5 ರನ್ ದಂಡ. ಆದರೆ ಎಸೆತದಿಂದ ಎಸೆತಕ್ಕೆ ಗಡಿಯಾರ ಇಡುವುದು ಕ್ರಿಕೆಟ್‌ನಲ್ಲಿ ಕಷ್ಟ. ವೇಗದ ಬೌಲರ್ ರನ್‌ಅಪ್ ಗುರುತಿಗೆ ನಡೆದು ಹೋಗುವುದೇ ಒಂದು ಕೆಲಸ ಅಲ್ವಾ?

ಪ್ರಶ್ನೆ: ಬೇಸ್‌ಬಾಲ್ ಮೊದಲಿನಿಂದಲೂ ಇಷ್ಟು ನಿಧಾನವೇ? ಒಂಬತ್ತು ಇನ್ನಿಂಗ್ಸ್‌ಗೆ ಮೂರು ಗಂಟೆ ಯಾಕೆ ಬೇಕಾಗುತ್ತಿತ್ತು? — ಬೆಂಗಳೂರಿನ ಓದುಗರು

ಉತ್ತರ: ಖಂಡಿತ ಇಲ್ಲ. 1919ರ ಸೆಪ್ಟೆಂಬರ್ 28ರಂದು ನ್ಯೂಯಾರ್ಕ್ ಜೈಂಟ್ಸ್ ತಂಡ ಫಿಲಡೆಲ್ಫಿಯಾ ಫಿಲ್ಲೀಸ್ ವಿರುದ್ಧ ಪೂರ್ತಿ ಒಂಬತ್ತು ಇನ್ನಿಂಗ್ಸ್ ಆಡಿ 6-1ರಲ್ಲಿ ಗೆದ್ದದ್ದು 51 ನಿಮಿಷದಲ್ಲಿ. ಅದು ಸೀಸನ್‌ನ ಕೊನೇ ದಿನಗಳ ಅವಸರ ಅಂತ ಬಿಟ್ಟುಬಿಡೋಣ. ಮರುವರ್ಷ, 1920ರ ಮೇ 1ರಂದು ಬಾಸ್ಟನ್‌ನಲ್ಲಿ ಬ್ರೇವ್ಸ್ ಮತ್ತು ಬ್ರೂಕ್ಲಿನ್ ರಾಬಿನ್ಸ್ 26 ಇನ್ನಿಂಗ್ಸ್ ಆಡಿದರು. ಜೋ ಓಶ್ಗರ್, ಲಿಯಾನ್ ಕ್ಯಾಡೋರ್ ಅನ್ನುವ ಇಬ್ಬರೇ ಪಿಚರ್‌ಗಳು ಎರಡೂ ಕಡೆ ಕೊನೆಯವರೆಗೂ ಎಸೆದರು. ಕತ್ತಲಾಗಿ 1-1ಕ್ಕೆ ಆಟ ನಿಂತಿತು. ಹಿಡಿದ ಹೊತ್ತು 3 ಗಂಟೆ 50 ನಿಮಿಷ. ಅಂದರೆ ಸುಮಾರು ಮೂರು ಪಂದ್ಯದಷ್ಟು ಆಟ! 2006ರಲ್ಲಿ ಯಾಂಕೀಸ್ ಮತ್ತು ರೆಡ್ ಸಾಕ್ಸ್ ಒಂಬತ್ತೇ ಇನ್ನಿಂಗ್ಸ್‌ಗೆ 4 ಗಂಟೆ 45 ನಿಮಿಷ ತೆಗೆದುಕೊಂಡವು.

ನಡುವೆ ಆದದ್ದು ಏನು? ಟಿವಿ ಜಾಹೀರಾತು ಒಂದು ಕಾರಣ. ಎರಡೂ ಕಡೆಯ ಸರದಿ ಸೇರಿ ಒಂದು ಪಂದ್ಯದಲ್ಲಿ 17 ವಿರಾಮ, ಒಂದೊಂದಕ್ಕೂ ಸುಮಾರು ಎರಡು ನಿಮಿಷ ಅಂದರೂ ಅರ್ಧ ಗಂಟೆಗಿಂತ ಜಾಸ್ತಿ. ಪಿಚರ್ ಬದಲಾವಣೆ ಇನ್ನೊಂದು. ಹಿಂದೆ ಒಬ್ಬನೇ ಪಂದ್ಯ ಮುಗಿಸುತ್ತಿದ್ದ, ಈಗ ನಾಲ್ಕೈದು ಜನ ಬರುತ್ತಾರೆ. ಬಂದವನು ಕೈ ಬಿಸಿ ಮಾಡಿಕೊಳ್ಳಬೇಕು. ಸ್ಟ್ರೈಕ್‌ಔಟ್‌ಗಳೂ ಹೆಚ್ಚಿದವು, ಹಾಗಾಗಿ ಒಬ್ಬ ಬ್ಯಾಟರ್‌ಗೆ ಬೇಕಾಗುವ ಎಸೆತಗಳೂ ಹೆಚ್ಚಿದವು.

ಆದರೆ ದೊಡ್ಡ ಕಳ್ಳ ಬೇರೆ ಇದ್ದ: ಎಸೆತಗಳ ನಡುವಿನ ಖಾಲಿ ಹೊತ್ತು. ಬ್ಯಾಟರ್ ಬಾಕ್ಸ್‌ನಿಂದ ಹೊರಗೆ ಬರುತ್ತಾನೆ, ಗ್ಲೌಸ್ ಬಿಚ್ಚಿ ಕಟ್ಟುತ್ತಾನೆ, ಹೆಲ್ಮೆಟ್ ಮುಟ್ಟುತ್ತಾನೆ, ನೆಲ ಕೆರೆಯುತ್ತಾನೆ. ಪಿಚರ್ ಚೆಂಡು ಉಜ್ಜುತ್ತಾ ತಾನು ನಿಂತು ಎಸೆಯುವ ಮಣ್ಣಿನ ಗುಡ್ಡೆಯ ಸುತ್ತ ಒಂದು ಸುತ್ತು ಹಾಕುತ್ತಾನೆ. 1970ರ ದಶಕದ ಆಟಗಾರ ಮೈಕ್ ಹಾರ್ಗ್ರೋವ್ ಹೀಗೆ ಎಷ್ಟು ಹೊತ್ತು ಮಾಡುತ್ತಿದ್ದನೆಂದರೆ, ಮಳೆ ಬಂದು ಆಟ ನಿಂತಂತೆ ಅಂತ ಅವನಿಗೆ ಅಡ್ಡಹೆಸರೇ ಬಿತ್ತು. ಆಮೇಲೆ ಎಲ್ಲರೂ ಅವನ ಹಾಗೇ ಆದರು. ಒಂದು ಪಂದ್ಯದಲ್ಲಿ ಹೆಚ್ಚೂಕಡಿಮೆ 300 ಎಸೆತ. ಎಸೆತಕ್ಕೆ ಐದೇ ಸೆಕೆಂಡ್ ಉಳಿಸಿದರೂ 1,500 ಸೆಕೆಂಡ್, ಅಂದರೆ 25 ನಿಮಿಷ. 2022ರಿಂದ 2023ಕ್ಕೆ ಕಡಿಮೆಯಾದದ್ದು ಸರಿಸುಮಾರು ಅಷ್ಟೇ.

ಬೇಸ್ ಖಾಲಿ ಇದ್ದಾಗ 12 ಸೆಕೆಂಡ್‌ನೊಳಗೆ ಎಸೆಯಬೇಕು ಅನ್ನುವ ಸಾಲು ನಿಯಮ ಪುಸ್ತಕದಲ್ಲಿ ಮೊದಲೇ ಇತ್ತು. ಯಾರೂ ಜಾರಿ ಮಾಡುತ್ತಿರಲಿಲ್ಲ, ಅಷ್ಟೇ. 27 ಔಟ್ ಮೊದಲೂ ಬೇಕಿತ್ತು, ಈಗಲೂ ಬೇಕು. ಆಟದಿಂದ ಒಂದು ಎಸೆತವನ್ನೂ ಕಿತ್ತುಕೊಂಡಿಲ್ಲ. ಆದರೆ ಸಮಯ ಬಿಟ್ಟುಕೊಟ್ಟವರೆಲ್ಲ ಆಟಗಾರರು. ಜಾಹೀರಾತಿನ ವಿರಾಮ ಹಾಗೇ ಇದೆ, ಅದನ್ನೂ ಕತ್ತರಿಸಬೇಕಿತ್ತು.

ಪ್ರಶ್ನೆ: ನಮ್ಮ ಹನ್ನೊಂದು ವರ್ಷದ ಮಗ ಲಿಟಲ್ ಲೀಗ್‌ನಲ್ಲಿ ಪಿಚ್ ಮಾಡುತ್ತಾನೆ. ಅವಸರವಾಗಿ ಎಸೆದು ದೊಡ್ಡ ಆಟಗಾರರ ಮೊಣಕೈಗಳೇ ಹಾಳಾಗುತ್ತಿವೆ ಅಂತ ಕೇಳಿ ಹೆದರಿಕೆಯಾಗಿದೆ. — ಡಲ್ಲಾಸ್‌ನ ಓದುಗರು

ಉತ್ತರ: ಈ ವಿಷಯದಲ್ಲಿ ಜಗಳವೇ ನಡೆದಿದೆ. 2024ರ ಏಪ್ರಿಲ್‌ನಲ್ಲಿ ಆಟಗಾರರ ಸಂಘ ಗಡಿಯಾರವನ್ನು ಇನ್ನಷ್ಟು ಬಿಗಿ ಮಾಡಿದ್ದನ್ನು ಬಹಿರಂಗವಾಗಿ ಟೀಕಿಸಿತು. ಸುಧಾರಿಸಿಕೊಳ್ಳಲು ಹೊತ್ತು ಸಾಲದು ಅನ್ನುವುದು ಅವರ ವಾದ. ಲೀಗ್ ಒಪ್ಪಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಲೀಗ್ ಹೊರತಂದ ವರದಿ ಬೆರಳು ತೋರಿಸಿದ್ದು ವೇಗದ ಹುಚ್ಚಿನ ಕಡೆಗೆ: ಪ್ರತಿ ಎಸೆತಕ್ಕೂ ಪೂರ್ತಿ ಶಕ್ತಿ ಹಾಕುವುದು, ಅದನ್ನು ಚಿಕ್ಕ ವಯಸ್ಸಿನಲ್ಲೇ ಶುರು ಮಾಡುವುದು. ವರದಿ ಬರೆಸಿದ್ದು ಲೀಗ್ ಅನ್ನುವುದನ್ನು ಮರೆಯಬಾರದು. ಆದರೂ ಮೊಣಕೈ ಶಸ್ತ್ರಚಿಕಿತ್ಸೆಗಳು ಗಡಿಯಾರ ಬರುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಏರುತ್ತಿದ್ದವು.

ನಿಮ್ಮ ಮಗನ ಮಟ್ಟಿಗೆ ನೋಡಬೇಕಾದದ್ದು ಎಸೆತಗಳ ಎಣಿಕೆ. ಲಿಟಲ್ ಲೀಗ್‌ನಲ್ಲಿ 11-12 ವಯಸ್ಸಿನವರಿಗೆ ದಿನಕ್ಕೆ 85 ಎಸೆತದ ಮಿತಿ ಇದೆ. 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ ಕಡ್ಡಾಯ. ಅವನು ಎರಡು ತಂಡಕ್ಕೆ ಆಡುತ್ತಿದ್ದರೆ ಒಬ್ಬ ಕೋಚ್‌ನ ಲೆಕ್ಕ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ನೀವೇ ಬರೆದಿಡಿ. ಮೊಣಕೈ ನೋವು ಅಂದರೆ ಅವತ್ತೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: 2025ರ ವರ್ಲ್ಡ್ ಸೀರೀಸ್‌ನ (ಪ್ಲೇಆಫ್‌ನ ಫೈನಲ್ ಸರಣಿಯ) ಮೂರನೇ ಪಂದ್ಯವನ್ನು ಬೆಳಿಗ್ಗೆ ಕಾಫಿ ಹೊತ್ತಿಗೆ ಹಾಕಿದೆ. ಊಟದ ಹೊತ್ತಾದರೂ ಮುಗಿದಿರಲಿಲ್ಲ! ಗಡಿಯಾರ ಎಲ್ಲಿ ಹೋಯಿತು? — ಶಿವಮೊಗ್ಗದ ಓದುಗರು

ಉತ್ತರ: ಗಡಿಯಾರ ಅಲ್ಲೇ ಇತ್ತು. ಅದು ಎಸೆತಗಳ ನಡುವಿನ ಹೊತ್ತನ್ನು ಅಳೆಯುತ್ತದೆ, ಪಂದ್ಯವನ್ನಲ್ಲ. ನೀವು ನೋಡಿದ್ದು 2025ರ ಅಕ್ಟೋಬರ್ 27ರ ಪಂದ್ಯ. ಡಾಡ್ಜರ್ಸ್ ಮತ್ತು ಟೊರಾಂಟೊ ಬ್ಲೂ ಜೇಸ್ 18 ಇನ್ನಿಂಗ್ಸ್ ಆಡಿದವು, 6 ಗಂಟೆ 39 ನಿಮಿಷ. ಫ್ರೆಡ್ಡಿ ಫ್ರೀಮನ್ ಹೋಮ್ ರನ್ ಹೊಡೆದು 6-5ಕ್ಕೆ ಮುಗಿಸಿದ. ಅದಕ್ಕೂ ಮೊದಲು ವಿಲ್ ಕ್ಲೈನ್ ಅನ್ನುವ, ಹೆಚ್ಚು ಜನ ಹೆಸರೇ ಕೇಳಿರದ ಪಿಚರ್ ನಾಲ್ಕು ಇನ್ನಿಂಗ್ಸ್‌ನಲ್ಲಿ 72 ಎಸೆತ ಹಾಕಿ ಒಂದು ರನ್ನೂ ಕೊಡಲಿಲ್ಲ.

ಮಾಮೂಲಿ ಸೀಸನ್‌ನಲ್ಲಿ ಇಷ್ಟು ಉದ್ದ ಎಳೆಯುವುದು ತೀರಾ ಅಪರೂಪ. ಅಲ್ಲಿ ಹತ್ತನೇ ಇನ್ನಿಂಗ್ಸ್‌ನಿಂದ ಪ್ರತಿ ತಂಡಕ್ಕೂ ಎರಡನೇ ಬೇಸ್‌ನಲ್ಲಿ ಒಬ್ಬ ರನ್ನರ್‌ನನ್ನು ಮೊದಲೇ ನಿಲ್ಲಿಸಿ ಕೊಡುತ್ತಾರೆ. ಬೇಗ ರನ್ ಬರುತ್ತದೆ, ಬೇಗ ಮುಗಿಯುತ್ತದೆ. ಪ್ಲೇಆಫ್‌ನಲ್ಲಿ ಆ ನಿಯಮ ಇಲ್ಲ. 162 ಪಂದ್ಯ ಆಡಬೇಕಾದ ಸೀಸನ್‌ನಲ್ಲಿ ಪಿಚರ್‌ಗಳ ಕೈ ಉಳಿಸಲು ಅದು ಇರಲಿ. ಕ್ಲೈನ್‌ನಂಥವರಿಗೆ ಅಂಥದೊಂದು ರಾತ್ರಿ ಸಿಗಬೇಕಾದರೆ ಪ್ಲೇಆಫ್‌ಗೆ ಮಾತ್ರ ಅದನ್ನು ತರಲೇಬಾರದು.