ಅಡುಗೆಮನೆ ಪ್ರಶ್ನೋತ್ತರ: ಸೆಖೆಯ ಊರಿನಲ್ಲಿ ಚೀಸ್ ಹರಿವಾಣ

ಹುಟ್ಟುಹಬ್ಬ, ಗೆಳೆಯರ ಕೂಟ, ಮದುವೆಯ ಮುಂಚಿನ ಸಂಜೆ ಎಂದು ಜನ ಸೇರುವ ಕಡೆ ಚೀಸ್ ಮತ್ತು ಕ್ರ್ಯಾಕರ್ (ತೆಳ್ಳಗಿನ ಗರಿಗರಿ ಉಪ್ಪು ಬಿಸ್ಕತ್ತು) ಜೋಡಿಸಿಡುವುದು ನಮ್ಮ ಜಿಲ್ಲೆಯಲ್ಲೂ ಶುರುವಾಗಿದೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇವೆ.

ಪ್ರಶ್ನೆ: ಹೊಸ ಪೊಟ್ಟಣ ಒಡೆದು ಇಟ್ಟರೂ ಅರ್ಧ ತಾಸಿನಲ್ಲಿ ಕ್ರ್ಯಾಕರ್ ಮೆತ್ತಗಾಗುತ್ತದೆ, ಚೀಸ್ ಮೇಲೆ ನೀರು ಕೂತು ಜಿಡ್ಡಾಗುತ್ತದೆ. ಏನು ಮಾಡಬೇಕು? (ಕಾರವಾರದ ಓದುಗರು)

ಉತ್ತರ: ಚೀಸ್ ಮೇಲೆ ಕಾಣುವ ನೀರು ಬೇರೆ, ಜಿಡ್ಡು ಬೇರೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಚೀಸ್ ಕಡಲ ತೀರದ ಒದ್ದೆ ಗಾಳಿಗೆ ತಾಗಿದ ಕೂಡಲೇ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಅದನ್ನು ತಪ್ಪಿಸಲು ಚೀಸನ್ನು ಸುತ್ತಿದ ಕಾಗದದ ಸಮೇತ ಹೊರಗಿಡಿ. ಹನಿ ಹೊದಿಕೆಯ ಮೇಲೆ ಕೂಡುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಹೊದಿಕೆ ಒರೆಸಿ, ಆಮೇಲೆ ಬಿಚ್ಚಿ. ಜಿಡ್ಡು ಬರುವುದು ಇನ್ನೂ ತಡವಾಗಿ: ಕೋಣೆಯ ಶಾಖ 28–30 ಡಿಗ್ರಿ ದಾಟಿದಾಗ ಹಾಲಿನ ಕೊಬ್ಬು ಕರಗತೊಡಗಿ ಎಣ್ಣೆಯಾಗಿ ಹೊರಬರುತ್ತದೆ. ಬಡಿಸುವ ಒಂದು ತಾಸು ಮೊದಲೇ ಚೀಸ್ ಹೊರಗಿಡಿ ಎಂದು ಯುರೋಪಿನ ಪುಸ್ತಕಗಳು ಹೇಳುವುದು ಅಲ್ಲಿಯ 20 ಡಿಗ್ರಿಯ ಕೋಣೆಗೆ. ಏಪ್ರಿಲ್-ಮೇ ತಿಂಗಳ ಕಾರವಾರದಲ್ಲಿ ಹೊದಿಕೆಯೊಳಗಿನ ಆ ಇಪ್ಪತ್ತು ನಿಮಿಷವೇ ಸಾಕು.

ಕ್ರ್ಯಾಕರ್ ಮೆತ್ತಗಾಗಲು ಗಾಳಿ ಅರ್ಧ ಕಾರಣ, ಚೀಸಿನ ಪಕ್ಕ ಒತ್ತಿ ಜೋಡಿಸುವುದು ಇನ್ನರ್ಧ. ಫೋಟೋದಲ್ಲಿ ಎಲ್ಲ ಒಟ್ಟಿಗೆ ಇರುವುದು ಚೆಂದ, ಆದರೆ ನಮ್ಮ ಹವೆಗೆ ಅದು ಹೊಂದುವುದಿಲ್ಲ. ಕ್ರ್ಯಾಕರನ್ನು ಬೇರೆ ಡಬ್ಬಿಯಲ್ಲಿಟ್ಟು, ಒಂದು ಸಲಕ್ಕೆ ಹದಿನೈದಿಪ್ಪತ್ತನ್ನು ಮಾತ್ರ ಚಿಕ್ಕ ತಟ್ಟೆಗೆ ಹಾಕಿ. ಖಾಲಿಯಾದ ಹಾಗೆ ತುಂಬಿಸಿ. ಆಗಲೇ ಮೆತ್ತಗಾಗಿದ್ದರೆ ಒವನ್ನಿನಲ್ಲಿ 150 ಡಿಗ್ರಿಗೆ ಐದಾರು ನಿಮಿಷ, ಇಲ್ಲವೇ ದಪ್ಪ ತವೆಯ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಳ ಹಾಕದೆ ಬಿಸಿ ಮಾಡಿ. ಬಿಸಿಯಿದ್ದಾಗ ಮೆತ್ತಗೇ ಇರುತ್ತದೆ, ಆರಿದ ಮೇಲೆ ಗರಿಗರಿಯಾಗುತ್ತದೆ. ಪೂರ್ತಿ ಆರದೆ ಡಬ್ಬಿಗೆ ಹಾಕಿದರೆ ಒಳಗಿನ ಹಬೆಗೆ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತದೆ.

ಹರಿವಾಣದ ಬಗ್ಗೆಯೂ ಒಂದು ಮಾತು. ಸ್ಟೀಲ್ ಬೇಗ ತಣ್ಣಗಾಗುತ್ತದೆ, ಅಷ್ಟೇ ಬೇಗ ಬಿಸಿಯೂ ಆಗುತ್ತದೆ. ಆದ್ದರಿಂದ ಕೆಳಗೆ ಇನ್ನೊಂದು ಅಗಲ ತಟ್ಟೆಯಲ್ಲಿ ಐಸ್ ಹರಡಿ, ಮೇಲೆ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಹರಿವಾಣ ಇಡಿ. ಬಾಳೆಎಲೆ ಹಾಸುವುದಾದರೆ ತೊಳೆದು ಚೆನ್ನಾಗಿ ಒರೆಸಿದ ಎಲೆಯೇ ಬೇಕು, ಎಲೆಯ ಒಂದು ಹನಿ ನೀರು ಹತ್ತು ಕ್ರ್ಯಾಕರ್ ಹಾಳು ಮಾಡುತ್ತದೆ. ಫ್ಯಾನ್ ನೇರ ಕೆಳಗೆ ಇಡಬೇಡಿ, ಚೀಸಿನ ಅಂಚು ಒಣಗಿ ಬಿರಿಯುತ್ತದೆ. ಹೊರಗಿಟ್ಟ ಮೃದು ಚೀಸನ್ನು ಎರಡು ತಾಸಿನೊಳಗೆ ಮುಗಿಸಬೇಕು. ಕೋಣೆ 32 ಡಿಗ್ರಿ ದಾಟಿದ್ದರೆ ಒಂದೇ ತಾಸು. ಅದಕ್ಕೇ ಒಂದು ದೊಡ್ಡ ಹರಿವಾಣಕ್ಕಿಂತ ಎರಡು ಚಿಕ್ಕವು ಮೇಲು: ಒಂದು ಮೇಜಿನ ಮೇಲಿದ್ದಾಗ ಇನ್ನೊಂದು ಫ್ರಿಜ್‌ನಲ್ಲಿರಲಿ.

ಪ್ರಶ್ನೆ: ಇಪ್ಪತ್ತು ಜನಕ್ಕೆ ಎಷ್ಟು ಚೀಸ್, ಎಷ್ಟು ಕ್ರ್ಯಾಕರ್? (ಅಂಕೋಲಾ)

ಉತ್ತರ: ಆಮೇಲೆ ಊಟವಿದ್ದರೆ ತಲೆಗೆ 50 ಗ್ರಾಂ, ಅಂದರೆ ಒಟ್ಟು ಒಂದು ಕಿಲೋ. ಸಂಜೆಗೆ ಅದೊಂದೇ ತಿಂಡಿಯಾದರೆ 90ರಿಂದ 100 ಗ್ರಾಂ. ಬಜೆ, ಕಟ್ಲೆಟ್ ಏನಾದರೂ ಇದ್ದರೆ 40 ಸಾಕು. ಕ್ರ್ಯಾಕರ್ ತಲೆಗೆ ಆರರಂತೆ 120, ಒಡೆದುಹೋಗುವುದಕ್ಕೆಂದು ಇನ್ನು ಇಪ್ಪತ್ತು.

ಒಂದು ಕಿಲೋವನ್ನು ಹೀಗೆ ಹಂಚಿ: ಪ್ರೊಸೆಸ್ಡ್ ಚೀಸ್ ಕ್ಯೂಬ್ 400 ಗ್ರಾಂ (25 ಗ್ರಾಂ ತೂಕದ 16 ಕ್ಯೂಬ್, ಒಂದೊಂದನ್ನು ನಾಲ್ಕು ಮಾಡಿದರೆ 64 ತುಂಡು), ಚೆಡ್ಡಾರ್ 250, ಗೌಡಾ 200, ಬ್ರೀ ಅಥವಾ ಮನೆಯಲ್ಲೇ ಮಾಡಿದ ಮೃದು ಚೀಸ್ 150. ಪ್ರೊಸೆಸ್ಡ್ ಚೀಸ್ ಕೀಳು ಎಂದು ಬಿಡಬೇಡಿ. ಅದರಲ್ಲಿ ಕೊಬ್ಬು ಮತ್ತು ನೀರನ್ನು ಹಿಡಿದಿಡುವ ಲವಣಗಳು ಸೇರಿರುವುದರಿಂದ ನಮ್ಮ ಸೆಖೆಯಲ್ಲಿ ಉಳಿದವು ಬಾಗಿದರೂ ಅದು ನಿಂತಿರುತ್ತದೆ. ಮಕ್ಕಳು ಮೊದಲು ಕೈಹಾಕುವುದೂ ಅದಕ್ಕೇ. ನಾಲ್ಕಕ್ಕಿಂತ ಹೆಚ್ಚು ಬಗೆ ಬೇಡ, ಒಂದರ ರುಚಿಯೂ ನಾಲಿಗೆಯಲ್ಲಿ ಉಳಿಯುವುದಿಲ್ಲ.

ಮಡಗಾಂವ್ ಅಥವಾ ಹುಬ್ಬಳ್ಳಿಯಿಂದ ತರುವುದಾದರೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇಟ್ಟು ತನ್ನಿ. ಮೀನು ತಂದ ಪೆಟ್ಟಿಗೆಯನ್ನು ಎಷ್ಟು ತೊಳೆದಿದ್ದರೂ ಬಳಸಬೇಡಿ. ಚೀಸಿನ ಕೊಬ್ಬು ಸುತ್ತಲಿನ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಫ್ರಿಜ್‌ನಲ್ಲಿ ಹಲಸಿನ ತೊಳೆ ಇದ್ದರೂ ಇದೇ ಎಚ್ಚರ ಬೇಕು.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಚೀಸ್ ಹಾಲಿನದೇ ಅಲ್ಲವೇ, ಹಿರಿಯರಿಗೆ ಧೈರ್ಯವಾಗಿ ಕೊಡಬಹುದೇ? (ಶಿರಸಿ)

ಉತ್ತರ: ಎಲ್ಲ ಚೀಸನ್ನೂ ಕೊಡಲಾಗದು. ಹಾಲು ಗಟ್ಟಿಯಾಗಿಸಲು ಹಾಕುವ ರೆನೆಟ್ ಸಾಂಪ್ರದಾಯಿಕವಾಗಿ ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದು. ಇಟಲಿಯ ಅಸಲಿ ಪಾರ್ಮಿಜಾನೊ ರೆಜಾನೊ ಚೀಸಿಗೆ ನಿಯಮದ ಪ್ರಕಾರವೇ ಕರುವಿನ ರೆನೆಟ್ ಬೇಕು. ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮೈಕ್ರೋಬಿಯಲ್ ರೆನೆಟ್ ಹಾಕಿದ ಚೀಸ್ ಸಸ್ಯಾಹಾರಿಗಳಿಗೆ ಸಲ್ಲುತ್ತದೆ. ಪೊಟ್ಟಣದ ಮೇಲೆ ಹಸಿರು ಚುಕ್ಕಿ ನೋಡಿ, ಚುಕ್ಕಿ ಇಲ್ಲದ ವಿದೇಶಿ ಚೂರು ಬಿಡಿಯಾಗಿ ಸಿಕ್ಕರೆ ತರಬೇಡಿ. ಕ್ರ್ಯಾಕರ್ ಪೊಟ್ಟಣವನ್ನೂ ತಿರುಗಿಸಿ ಓದಿ. ಪನೀರಿಗೆ ರೆನೆಟ್ ಬೇಕಿಲ್ಲ, ಲಿಂಬೆರಸ ಸಾಕು.

ಪ್ರಶ್ನೆ: ನಮ್ಮ ಪೇಟೆಯಲ್ಲಿ ಕ್ಯೂಬ್ ಬಿಟ್ಟರೆ ಬೇರೆ ಚೀಸ್ ಸಿಗುವುದಿಲ್ಲ. ಊರಿನ ಪದಾರ್ಥಗಳಿಂದಲೇ ಹರಿವಾಣ ತುಂಬಲು ಆದೀತೇ? (ಸಿದ್ದಾಪುರ)

ಉತ್ತರ: ಖಂಡಿತ ಆಗುತ್ತದೆ, ಮತ್ತು ನಮ್ಮ ಜಿಲ್ಲೆಯಲ್ಲಿ ಅದೇ ಹೆಚ್ಚು ರುಚಿ.

ಮೊದಲು ಎರಡು ಮನೆಚೀಸ್. ಗಟ್ಟಿ ಹಾಲಿನ ಒಂದು ಲೀಟರ್ ಮೊಸರಿಗೆ ಮುಕ್ಕಾಲು ಚಮಚ ಉಪ್ಪು ಕಲಸಿ, ತೆಳುಬಟ್ಟೆಯಲ್ಲಿ ಕಟ್ಟಿ, ಕೆಳಗೆ ಪಾತ್ರೆಯಿಟ್ಟು ಫ್ರಿಜ್‌ನೊಳಗೇ ಒಂದು ದಿನ ತೂಗುಹಾಕಿ. ಹೊರಗೆ ತೂಗಿದರೆ ರಾತ್ರಿ ಕಳೆಯುವುದರೊಳಗೆ ಹುಳಿ ಏರುತ್ತದೆ. ಸುಮಾರು 350 ಗ್ರಾಂ ಸಿಗುತ್ತದೆ. ಲಿಂಬೆ ಗಾತ್ರದ ಉಂಡೆ ಕಟ್ಟಿ ತರಿಯಾಗಿ ಕುಟ್ಟಿದ ಕಾಳುಮೆಣಸಿನಲ್ಲಿ ಹೊರಳಿಸಿ. ಎರಡನೆಯದು ಮೆಣಸಿನ ಪನೀರು: ಒಂದು ಲೀಟರ್ ಹಾಲು ಕುದಿದ ಮೇಲೆ ಉರಿ ಆರಿಸಿ, ಎರಡು ನಿಮಿಷ ಬಿಟ್ಟು, ಎರಡು ದೊಡ್ಡ ಚಮಚ ಲಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ ಸ್ವಲ್ಪ ಸ್ವಲ್ಪವೇ ಹಾಕಿ. ನೀರು ತಿಳಿಯಾಗಿ ಬೇರ್ಪಟ್ಟ ಕೂಡಲೇ ನಿಲ್ಲಿಸಿ. ಒಡೆದ ಮೇಲೂ ಕುದಿಸಿದರೆ ರಬ್ಬರಿನಂತಾಗುತ್ತದೆ, ಹುಳಿ ಹೆಚ್ಚಾದರೆ ಪುಡಿಪುಡಿಯಾಗುತ್ತದೆ. ಸೋಸಿ, ತಣ್ಣೀರಲ್ಲಿ ತೊಳೆದು, ಅರ್ಧ ಚಮಚ ಉಪ್ಪು, ಒಂದು ಚಮಚ ಕುಟ್ಟಿದ ಮೆಣಸು ಸೇರಿಸಿ, ಎರಡು ಕಿಲೋ ಭಾರದಡಿ ಮುಕ್ಕಾಲು ತಾಸು ಒತ್ತಿಡಿ. 180–200 ಗ್ರಾಂ ಬರುತ್ತದೆ.

ಕ್ರ್ಯಾಕರಿಗೆ 150 ಗ್ರಾಂ ಮೈದಾ, 50 ಗ್ರಾಂ ಗೋಧಿಹಿಟ್ಟು, ಮುಕ್ಕಾಲು ಚಮಚ ಉಪ್ಪು, ಅರ್ಧ ಚಮಚ ಓಮ, ಮೂರು ದೊಡ್ಡ ಚಮಚ ಎಣ್ಣೆ, 80–90 ಮಿಲಿ ನೀರು. ಅರ್ಧ ತಾಸು ನೆನೆಸಿ ಎರಡು ಮಿಲಿಮೀಟರಿಗಿಂತ ತೆಳ್ಳಗೆ ಲಟ್ಟಿಸಿ. ಫೋರ್ಕಿನಿಂದ ಒತ್ತಾಗಿ ಚುಚ್ಚಿ, ಇಲ್ಲದಿದ್ದರೆ ಪೂರಿಯ ಹಾಗೆ ಉಬ್ಬುತ್ತದೆ. 180 ಡಿಗ್ರಿಯಲ್ಲಿ 12–15 ನಿಮಿಷ ಬೇಯಿಸಿ, ಒವನ್ ಆರಿಸಿ, ಬಾಗಿಲು ಸ್ವಲ್ಪ ತೆರೆದು ಹತ್ತು ನಿಮಿಷ ಒಳಗೇ ಬಿಡಿ. ಮಳೆಗಾಲದಲ್ಲಿ ಈ ಹತ್ತು ನಿಮಿಷ ತಪ್ಪಿಸಲೇಬೇಡಿ. ಹಲಸಿನ ಹಪ್ಪಳವೂ ಆಗುತ್ತದೆ, ಆದರೆ ಕರಿದದ್ದು ಬೇಡ. ಚೀಸಿನ ಜೊತೆ ಎಣ್ಣೆ ಮೇಲೆ ಎಣ್ಣೆಯಾಗುತ್ತದೆ. ಕೆಂಡದ ಮೇಲೆ ಸುಟ್ಟು ಮುರಿದು ಇಡಿ.

ಇನ್ನು ಪಕ್ಕಕ್ಕೆ. ಬೇರೆಡೆ ಆಲಿವ್ ಮಾಡುವ ಕೆಲಸವನ್ನು ಇಲ್ಲಿ ಉಪ್ಪುನೀರಿನ ಅಪ್ಪೆಮಿಡಿ ಮಾಡುತ್ತದೆ: ಉಪ್ಪು, ಹುಳಿ, ಪರಿಮಳ ಮೂರೂ ಸೇರಿ ಕೊಬ್ಬಿನ ಜಿಡ್ಡು ತೊಳೆಯುತ್ತವೆ. ಗೊರಟು ತೆಗೆದು ಸೀಳಿ, ನೀರು ಒರೆಸಿ, ಗಿಂಡಿಬಟ್ಟಲಿನಲ್ಲಿಡಿ. ಮೊಸರಿನ ಉಂಡೆಗೆ ಜೋನಿಬೆಲ್ಲ, ಚೆಡ್ಡಾರ್ ಇದ್ದರೆ ಜೇನು. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ನೆಕ್ಕಿಸಬೇಡಿ. ಕುಮಟಾದ ಸಿಹಿ ಈರುಳ್ಳಿ ಸಿಗುವ ಬೇಸಿಗೆಯಲ್ಲಿ ತೆಳ್ಳಗೆ ಹೆಚ್ಚಿ, ನಾಲ್ಕು ಚಮಚ ವಿನೆಗರ್, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪಿನಲ್ಲಿ ಅರ್ಧ ತಾಸು ನೆನೆಸಿದರೆ ಗಟ್ಟಿ ಚೀಸಿಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಗೋಡಂಬಿಯನ್ನು 150 ಡಿಗ್ರಿಯಲ್ಲಿ ಹತ್ತು ನಿಮಿಷ ಹುರಿದು ಹಾಕಿ. ಮೇ ತಿಂಗಳಾದರೆ ಅಂಕೋಲೆಯ ಕರಿ ಇಶಾಡ ಮಾವು.

ಬನವಾಸಿ ಕಡೆಯ ಅನಾನಸ್ ಹಾಕುವಾಗ ಎಚ್ಚರ. ಹಸಿ ಅನಾನಸಿನ ಬ್ರೊಮಿಲೇನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಮುರಿಯುತ್ತದೆ, ತಾಗಿಕೊಂಡಿದ್ದ ಪನೀರು ಕಹಿಯಾಗುತ್ತದೆ. ತುಂಡುಗಳನ್ನು ತವೆಯ ಮೇಲೆ ಒಳಗೂ ಬಿಸಿಯಾಗುವಷ್ಟು ಸುಟ್ಟು ಆರಿಸಿದರೆ ಕಿಣ್ವದ ಶಕ್ತಿ ಹೋಗುತ್ತದೆ, ಸಿಹಿಯೂ ಗಾಢವಾಗುತ್ತದೆ.

ಪ್ರಶ್ನೆ: ಕತ್ತರಿಸುವಾಗ ಚೆಡ್ಡಾರ್ ಪುಡಿಯಾಗುತ್ತದೆ, ಮೃದು ಚೀಸ್ ಚಾಕುವಿಗೆ ಮೆತ್ತಿಕೊಳ್ಳುತ್ತದೆ. (ಕುಮಟಾ)

ಉತ್ತರ: ಚೆಡ್ಡಾರ್ ತೀರಾ ತಣ್ಣಗಿದೆ, ಹತ್ತು ನಿಮಿಷ ಬಿಟ್ಟು ಕತ್ತರಿಸಿ. ಮೃದು ಚೀಸಿಗೆ ಉಲ್ಟಾ: ಫ್ರಿಜ್‌ನಿಂದ ತೆಗೆದ ಕೂಡಲೇ, ಬಿಸಿನೀರಲ್ಲಿ ಅದ್ದಿ ಒರೆಸಿದ ತೆಳು ಚಾಕುವಿನಿಂದ ಅಥವಾ ಹೊಸ ಬಿಳಿ ನೂಲಿನಿಂದ ಕತ್ತರಿಸಿ. ಬ್ರೀ ಇದ್ದರೆ ಹೆಚ್ಚಿಡದೆ ಇಡೀ ಇಟ್ಟು ಒಂದು ತುಂಡು ಮಾತ್ರ ತೆಗೆದು ತೋರಿಸಿ. ಬ್ಲೂ ಚೀಸಿಗೆ ಬೇರೆಯೇ ಚಾಕು, ಇಲ್ಲವಾದರೆ ಅದರ ಬೂಷ್ಟು ಉಳಿದವಕ್ಕೂ ಹತ್ತುತ್ತದೆ.

ಪ್ರಶ್ನೆ: ಉಳಿದದ್ದನ್ನು ಫ್ರೀಜರಿನಲ್ಲಿ ಇಡಬಹುದೇ? ಮಗಳು ಗರ್ಭಿಣಿ, ಅವಳು ತಿನ್ನಬಹುದೇ? (ಹೊನ್ನಾವರ)

ಉತ್ತರ: ಫ್ರೀಜರಿನಲ್ಲಿ ಐಸ್ ಹರಳು ಕಟ್ಟಿ ಚೀಸ್ ಉದುರಾಗುತ್ತದೆ. ಆಮೇಲೆ ಅದು ಟೋಸ್ಟಿನ ಮೇಲೆ ಕರಗಿಸಲು ಮಾತ್ರ ಸರಿ, ಹರಿವಾಣಕ್ಕಲ್ಲ. ಗಟ್ಟಿ ಚೀಸನ್ನು ಬಟರ್ ಪೇಪರಿನಲ್ಲಿ ಸುತ್ತಿ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಮೇಜಿನ ಮೇಲೆ ಹೊತ್ತು ಮೀರಿ ಕೂತ ಮೃದು ಚೀಸ್ ಎಸೆಯಿರಿ. ಮಳೆಗಾಲದಲ್ಲಿ ಕರೆಂಟು ಹೋದರೆ ಬಾಗಿಲು ತೆರೆಯದ ಫ್ರಿಜ್ ಸುಮಾರು ನಾಲ್ಕು ತಾಸು ತಣ್ಣಗಿರುತ್ತದೆ.

ಮಗಳಿಗೆ ಪಾಶ್ಚರೀಕರಿಸಿದ ಹಾಲಿನ ಗಟ್ಟಿ ಚೀಸ್, ಪ್ರೊಸೆಸ್ಡ್ ಚೀಸ್ ಮತ್ತು ಅದೇ ದಿನ ಮಾಡಿದ ಪನೀರು ಕೊಡಿ. ಬ್ರೀ, ಬ್ಲೂ ಚೀಸ್ ಮತ್ತು ಹಸಿಹಾಲಿನ ಚೀಸ್ ಬೇಡ. ಅವುಗಳಲ್ಲಿ ಲಿಸ್ಟೀರಿಯಾ ಬೆಳೆಯುವ ಭಯವಿದೆ, ಅದು ಫ್ರಿಜ್‌ನ ತಂಪಿನಲ್ಲೂ ಬೆಳೆಯುವ ಬ್ಯಾಕ್ಟೀರಿಯಾ. ಅವಳ ಪಾಲನ್ನು ಮೊದಲೇ ಬೇರೆ ತಟ್ಟೆಗೆ, ಬೇರೆ ಚಾಕುವಿನಿಂದ ಹೆಚ್ಚಿ ತೆಗೆದಿಡಿ.