ನಲವತ್ತು ಮಂದಿ ಸಿದ್ಧರಿದ್ದಾರೆ, ತರಬೇತಿ ಎಲ್ಲಿಂದ ಆರಂಭಿಸಲಿ?

ಪ್ರಶ್ನೆ: ಮುಂಬಯಿಯ ಕುರ್ಲಾದಲ್ಲಿ ನಮ್ಮದೊಂದು ಚಿಕ್ಕ ಕನ್ನಡ ಸಂಘವಿದೆ. ಹೋಟೆಲ್ ಕೆಲಸದ ಹುಡುಗರು, ಕಾಲೇಜು ವಿದ್ಯಾರ್ಥಿಗಳು, ಗೃಹಿಣಿಯರು ಸೇರಿ ನಲವತ್ತು ಮಂದಿ ಪ್ರವಾಹದ ಹೊತ್ತಿನಲ್ಲಿ ನೆರವಾಗಲು ಮುಂದೆ ಬಂದಿದ್ದಾರೆ. ಹಗ್ಗ, ಲೈಫ್ ಜಾಕೆಟ್ ಕೊಳ್ಳಲು ಹಣ ಕೂಡಿಸಿದ್ದೇವೆ. ಇವರನ್ನು ಹೇಗೆ ತಯಾರು ಮಾಡಬೇಕು?

ಉತ್ತರ: ಹಣವನ್ನು ಸದ್ಯಕ್ಕೆ ಹಾಗೆಯೇ ಇಡಿ. ಮೊದಲು ಎಲ್ಲರೂ ತಮ್ಮ ತಮ್ಮ ಗಲ್ಲಿಗಳನ್ನು ನಡೆದು ನೋಡಲಿ. ಮೀಠಿ ನದಿ ಉಕ್ಕಿದರೆ ನೀರು ಮೊದಲು ನುಗ್ಗುವ ಚಾಳ್ (ಸಾಲುಮನೆಗಳ ಕಟ್ಟಡ) ಯಾವುದು, ಹಾಸಿಗೆ ಹಿಡಿದ ಹಿರಿಯರು ಯಾವ ಮನೆಯಲ್ಲಿದ್ದಾರೆ, ಡಯಾಲಿಸಿಸ್‌ಗೆ ಹೋಗುವವರು ಯಾರು, ತಾರಸಿಯ ಬೀಗದ ಕೈ ಯಾರ ಬಳಿ ಇರುತ್ತದೆ? ಈ ವಿವರ ಗೃಹಿಣಿಯರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ದಯವಿಟ್ಟು ಅವರನ್ನು ಅಡುಗೆಗಷ್ಟೇ ಕಳುಹಿಸಬೇಡಿ. ಪಟ್ಟಿಯನ್ನು ಕಾಗದದಲ್ಲಿ ಬರೆದಿಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ಮೊಬೈಲ್‌ಗಳೂ ಕೈಕೊಟ್ಟವು. ಫೋನ್ ಸತ್ತರೆ ಎಲ್ಲಿ ಸೇರಬೇಕೆಂಬುದು ಈಗಲೇ ನಿಶ್ಚಯವಾಗಿರಲಿ.

ನನ್ನನ್ನು ಕಾಡುವುದು ಇನ್ನೊಂದು ವಿಷಯ. 1985ರ ಮೆಕ್ಸಿಕೊ ನಗರದ ಭೂಕಂಪದಲ್ಲಿ ತರಬೇತಿಯಿಲ್ಲದ ಸ್ವಯಂಸೇವಕರು ಸುಮಾರು 800 ಜನರನ್ನು ಉಳಿಸಿದರು. ಉಳಿಸಹೋದವರಲ್ಲಿ ಸುಮಾರು 100 ಮಂದಿ ತಾವೇ ಪ್ರಾಣ ಬಿಟ್ಟರು. ಹಾಗಾಗಿ ನಾನು ಕಲಿಸುವ ಮೊದಲ ಪಾಠ ನೀರಿಗಿಳಿಯದೆ ಉಳಿಸುವುದು: ಕೋಲು ಚಾಚಿ, ಹಗ್ಗ ಎಸೆಯಿರಿ, ಮುಚ್ಚಿದ ಖಾಲಿ ಕ್ಯಾನ್ ತೇಲಿಬಿಡಿ. ಊರಿನ ಹೊಳೆಯಲ್ಲಿ ಈಜಿ ಬೆಳೆದ ಕರಾವಳಿಯ ಹುಡುಗರ ಬಗ್ಗೆಯೇ ನನಗೆ ಹೆಚ್ಚು ಆತಂಕ. ಹೊಳೆಯಲ್ಲಿ ತೆರೆದ ಮ್ಯಾನ್‌ಹೋಲ್ ಇರುವುದಿಲ್ಲ, ತುಂಡಾದ ವಿದ್ಯುತ್ ತಂತಿಯೂ ಇರುವುದಿಲ್ಲ. ಮೊಣಕಾಲುದ್ದದ ನೀರಾದರೂ ಕೋಲಿನಿಂದ ನೆಲ ತಡವದೆ ಹೆಜ್ಜೆ ಇಡಬಾರದು, ಒಬ್ಬರೇ ಹೋಗಬಾರದು. ನೀರು ಇಳಿಯಲೆಂದು ಮ್ಯಾನ್‌ಹೋಲ್ ಮುಚ್ಚಳ ತೆಗೆಯುವವರನ್ನು ತಡೆಯುವುದೂ ನಿಮ್ಮವರ ಕೆಲಸವೇ.

ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ವಿಡಿಯೊ ನೋಡಿ ಕಲಿತರೆ ಸಾಲದು. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುವುದೆಂದರೆ ಎರಡೇ ನಿಮಿಷದಲ್ಲಿ ತೋಳು ಸೋಲುತ್ತದೆ. ಗೊಂಬೆಯ ಮೇಲೆ ಒತ್ತಿ ಬೆವರಿದವರಿಗೆ ಮಾತ್ರ ಸಕಾಲದಲ್ಲಿ ಕೈ ಬದಲಿಸುವುದು ತಿಳಿಯುತ್ತದೆ. ಕೆಲವು ತಿಂಗಳಿಗೊಮ್ಮೆ ಮತ್ತೆ ಮಾಡಿಸಿ. ಕೈ ಬೇಗ ಮರೆಯುತ್ತದೆ.

ಪಾಲಿಕೆಯ ವಾರ್ಡ್ ಕಚೇರಿಗೆ ಹೋಗಿ ನಿಮ್ಮ ತಂಡದ ಹೆಸರು ಕೊಡಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದಾ ಮಿತ್ರ’ ಯೋಜನೆಯಲ್ಲಿ 18ರಿಂದ 40 ವಯಸ್ಸಿನವರಿಗೆ 12 ದಿನಗಳ ತರಬೇತಿ ಕೊಡಲಾಗುತ್ತಿತ್ತು. ಅಂಥ ತರಬೇತಿ ಈಗ ನಡೆಯುತ್ತಿದೆಯೇ, ನಿಮ್ಮಲ್ಲಿ ಇಬ್ಬರಿಗಾದರೂ ಅವಕಾಶ ಸಿಗುವುದೇ ಎಂದು ವಿಚಾರಿಸಿ. ಪಾಲಿಕೆಯ ವಿಪತ್ತು ಸಹಾಯವಾಣಿ 1916 ಎಲ್ಲರಿಗೂ ಬಾಯಿಪಾಠವಿರಲಿ. ಜೊತೆಗೆ ಸಮುದ್ರದ ಭರತದ (ಉಬ್ಬರದ) ವೇಳಾಪಟ್ಟಿ ಓದಲು ಕಲಿಸಿ: ದೊಡ್ಡ ಭರತದ ಹೊತ್ತಿಗೇ ಜೋರು ಮಳೆ ಬಂದರೆ ನಗರದ ನೀರಿಗೆ ಹೊರಹೋಗಲು ದಾರಿಯಿರುವುದಿಲ್ಲ.

ಕೊಳಕು ನೀರಿನಲ್ಲಿ ನಡೆದವರು ಇಲಿಜ್ವರ ತಡೆಯುವ ಮಾತ್ರೆಯ ಬಗ್ಗೆ 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು. ದಣಿದ ಸ್ವಯಂಸೇವಕರು ಇದನ್ನೇ ಮರೆಯುತ್ತಾರೆ. ನೆನಪಿಸಲು ಒಬ್ಬರನ್ನು ನೇಮಿಸಿ.

ಮೊದಲ ಅಣಕು ಕಾರ್ಯಾಚರಣೆಯನ್ನು ಮೇ ತಿಂಗಳಲ್ಲೇ, ಹೋಟೆಲ್ ಹುಡುಗರಿಗೆ ಬಿಡುವಿರುವ ಮಧ್ಯಾಹ್ನ ಮೂರರಿಂದ ಐದರ ನಡುವೆ ಇಟ್ಟುಕೊಳ್ಳಿ. ಫೋನ್‌ಗಳನ್ನು ಮನೆಯಲ್ಲೇ ಬಿಟ್ಟು ಬರಲಿ. ಅಂದು ಏನೇನು ಕೊರತೆ ಕಾಣುತ್ತದೆಯೋ ಅದನ್ನು ಆ ಹಣದಲ್ಲಿ ಕೊಳ್ಳಿ.